ಹೆಂಗೂ ಬೀಳೋ ಹಲ್ಲಲ್ರೀ?

(ಜಮಖಂಡಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ತಾಯಂದಿರ ಸಭೆಗೆ ಮಕ್ಕಳ ಹಲ್ಲಿನ ವೈದ್ಯೆಯೊಬ್ಬರು ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸಿದ್ದು.)

ಈ ಸಣ್ಣ ಬಾಟಲಿಯನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಮುಚ್ಚಳ ತೆಗೆಯಬೇಡಿ, ಸುಮ್ನೆ ಬೆಳಕಿಗೆ ಹಿಡಿದು ನೋಡಿ. ಒಳಗಿರೋದು ಐದು ವರ್ಷದ ಹುಡುಗನ ದವಡೆ ಹಲ್ಲು. ಹಾಲುಹಲ್ಲು. ಗೋವಿನಜೋಳದ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಮೇಲೆ ಕಪ್ಪು ತೂತು ಕಾಣುತ್ತೆ, ಅಲ್ವಾ? ಕೆಳಗೆ ಎರಡು ಬೇರು, ಕಾಲು ಅಗಲಿಸಿ ನಿಂತ ಹಾಗೆ. ಇಷ್ಟು ಸಣ್ಣ ಹಲ್ಲು ಆ ಹುಡುಗನ ಉಸಿರು ನಿಲ್ಲಿಸೋದರಲ್ಲಿತ್ತು. ಅವನ ಅಪ್ಪ ಅವ್ವನನ್ನು ಕೇಳಿಯೇ ಇದನ್ನು ಇಟ್ಟುಕೊಂಡಿದ್ದೇನೆ.

ಅವನು ನನ್ನ ಹತ್ತಿರ ಬಂದದ್ದು ಕಬ್ಬಿನ ಹಂಗಾಮಿನಲ್ಲಿ. ಅಪ್ಪ ಅವ್ವ ಇಬ್ಬರೂ ಬೆಳಗಿನ ಜಾವಕ್ಕೇ ಕಬ್ಬು ಕಡಿಯೋಕೆ ಹೋಗುತ್ತಿದ್ದರು, ಹುಡುಗ ಅಜ್ಜಿ ಹತ್ತಿರ. ದೀಪಾವಳಿ ಹೊತ್ತಿಗೆ ಹಲ್ಲುನೋವು ಶುರುವಾಗಿತ್ತು. ರಾತ್ರಿ ಎದ್ದು ಅಳುತ್ತಿದ್ದ. ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ಅರ್ಧ ಮುರಿದು ಕೊಟ್ಟರು. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ನೋವು ತಾನಾಗೇ ನಿಂತಿತು. ‘ಆರಾಮ ಆತು ಬಿಡ್ರೀ’ ಅಂದುಕೊಂಡರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇವತ್ತು ನಾನು ಹೇಳೋಕೆ ಬಂದಿರೋದರಲ್ಲಿ ಮುಖ್ಯವಾದದ್ದು ಇದೇ. ಚಿಕಿತ್ಸೆ ಇಲ್ಲದೆ ಹುಳುಕು ಹಲ್ಲಿನ ನೋವು ನಿಂತಿತು ಅಂದರೆ ಅದು ವಾಸಿಯಾಗಿದೆ ಅಂತಲ್ಲ. ಹಲ್ಲಿನೊಳಗೆ ಒಂದು ಸಣ್ಣ ಕೋಣೆ ಇದೆ. ಅದರಲ್ಲಿ ನರ, ರಕ್ತನಾಳ. ಹುಳುಕು ಅಲ್ಲಿಗೆ ಮುಟ್ಟಿದಾಗ ಮಗು ರಾತ್ರಿಯೆಲ್ಲ ಅಳುತ್ತೆ. ಕೆಲವು ದಿನ ಕಳೆದ ಮೇಲೆ ಆ ನರವೇ ಸಾಯುತ್ತೆ. ಸತ್ತ ನರ ನೋಯೋದಿಲ್ಲ. ರಾತ್ರಿ ನಾಯಿ ಬೊಗಳೋದು ನಿಲ್ಲಿಸಿತು ಅಂದರೆ ಕಳ್ಳ ಹೋದ ಅಂತಲೇ ಅಲ್ಲ, ನಾಯಿಯನ್ನೇ ಮುಗಿಸಿರಬಹುದು. ಆ ಸತ್ತ ಕೋಣೆಯಲ್ಲಿ ಕೀವು ತುಂಬಿಕೊಂಡು ಬೇರಿನ ತುದಿಯಿಂದ ಎಲುಬಿನ ಕಡೆ ಇಳಿಯುತ್ತೆ. ಮಗು ಆರಾಮಾಗಿ ಆಡಿಕೊಂಡೇ ಇರುತ್ತೆ.

ಈ ಹುಡುಗನಿಗೂ ಹಾಗೇ ಆಯಿತು. ಒಂದು ತಿಂಗಳು ಏನೂ ಇಲ್ಲ. ಆಮೇಲೆ ವಸಡಿನ ಮೇಲೆ ಅವರೆಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಅಜ್ಜಿ ಅರಿಶಿನ ಹಚ್ಚಿದರು. ಮಹಾಲಿಂಗಪುರದ ಬಜಾರಿಗೆ ಹೋದಾಗ ಯಾರೋ ಹೇಳಿದರು ಅಂತ ಲವಂಗದೆಣ್ಣೆ ತಂದರು. ಒಂದು ಭಾನುವಾರ ಜ್ವರ ಬಂತು, ಗಲ್ಲ ಊದಿತು. ಬಿಸಿ ಬಟ್ಟೆಯಿಂದ ಕಾವು ಕೊಟ್ಟರು. ಕಾವು ಕೊಟ್ಟರೆ ಬಾವು ಇಳಿಯುತ್ತೆ ಅಂತ ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಕೀವು ಇದ್ದಾಗ ಹೊರಗಿನಿಂದ ಕಾವು ಕೊಟ್ಟರೆ ಅದು ಇಳಿಯೋದಿಲ್ಲ, ಹೊರಗಿನ ಚರ್ಮದ ಕಡೆಗೇ ಎಳೆಯುತ್ತೆ. ಗಲ್ಲದ ಮೇಲೆ ಜೀವನಪೂರ್ತಿ ಉಳಿಯೋ ಕಲೆ ಎಷ್ಟೋ ಜನರಿಗೆ ಹೀಗೇ ಬಿದ್ದಿರುತ್ತೆ.

ಮಂಗಳವಾರ ನನ್ನ ಹತ್ತಿರ ಕರೆತಂದರು. ಬಾಗಿಲಲ್ಲಿ ನೋಡಿದ ಕೂಡಲೇ ನನಗೆ ಹೆದರಿಕೆ ಆಯಿತು. ಬಾವು ಗಲ್ಲದಲ್ಲಿ ಇರಲಿಲ್ಲ, ಗದ್ದದ ಕೆಳಗೆ ಇಳಿದಿತ್ತು. ಎರಡೂ ಕಡೆ. ಮುಟ್ಟಿದರೆ ಹಲಗೆಯಂತೆ ಗಟ್ಟಿ. ದವಡೆ ಎಲುಬಿನ ಅಂಚು ಬೆರಳಿಗೆ ಸಿಗುತ್ತಿರಲಿಲ್ಲ. ಈಗ ನೀವೇ ನಿಮ್ಮ ಗದ್ದದ ಕೆಳಗೆ ಬೆರಳಾಡಿಸಿ ನೋಡಿ, ಎಲುಬಿನ ಅಂಚು ಸಿಗುತ್ತೆ ತಾನೇ? ಅವನಿಗೆ ಸಿಗುತ್ತಿರಲಿಲ್ಲ. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಜೊಲ್ಲು ಸುರಿಯುತ್ತಿತ್ತು. ಅಷ್ಟು ದೊಡ್ಡ ಹುಡುಗ ಜೊಲ್ಲು ಸುರಿಸುತ್ತಿದ್ದಾನೆ ಅಂದರೆ ನುಂಗೋಕೆ ಆಗುತ್ತಿಲ್ಲ ಅಂತ ಅರ್ಥ. ನಾಲಿಗೆ ಮೇಲಕ್ಕೆ ಎತ್ತಿಕೊಂಡಿತ್ತು. ಕುರ್ಚಿ ಮೇಲೆ ಮಲಗಿಸೋಕೆ ಹೋದೆ, ಗಾಬರಿಯಾಗಿ ಎದ್ದು ಕೂತ. ಮತ್ತೆ ಮಲಗಿಸಿದೆ, ಮತ್ತೆ ಎದ್ದ. ಅವ್ವ ಅಂದರು, ‘ಅಂಜ್ಯಾನ್ರೀ ಬಾಯಾರ, ಹಿಂಗ ಮಾಡ್ತಾನ.’ ಅವನು ಅಂಜಿರಲಿಲ್ಲ. ಮಲಗಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತಿತ್ತು.

ಅವನನ್ನು ಕೂರಿಸಿಕೊಂಡೇ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಆಂಬುಲೆನ್ಸಿನಲ್ಲೂ ಮಲಗಿಸಬೇಡಿ ಅಂತ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದೆ. ಅಲ್ಲಿ ಅರಿವಳಿಕೆ ಡಾಕ್ಟರ್ ಮೊದಲು ಉಸಿರಿನ ಕೊಳವೆ ಹಾಕಿದರು. ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು, ಹಲ್ಲು ಕಿತ್ತರು, ರಬ್ಬರಿನ ನಳಿಕೆ ಬಿಟ್ಟರು. ಒಂಬತ್ತು ದಿನ ಆಸ್ಪತ್ರೆ. ಉಳಿದ.

ಈ ಕಾಯಿಲೆಗೆ ಲುಡ್ವಿಗ್ ಆಂಜೈನಾ ಅಂತಾರೆ. 1836ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದರು, ಅವರ ಹೆಸರೇ ಉಳಿಯಿತು. ಆಗ ಪೆನ್ಸಿಲಿನ್ ಇರಲಿಲ್ಲ. ಇದು ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರು. ಮಕ್ಕಳಲ್ಲಿ ಇದು ಅಪರೂಪ, ದೊಡ್ಡವರಲ್ಲೇ ಜಾಸ್ತಿ. ಹೆದರಿಸೋಕೆ ಹೇಳುತ್ತಿಲ್ಲ. ಆದರೆ ಅಪರೂಪ ಅನ್ನೋ ಮಾತು, ಯಾರ ಮನೆಗೆ ಈ ಕಾಯಿಲೆ ಬರೋದಿಲ್ಲವೋ ಅವರಿಗೆ ಮಾತ್ರ ಸಮಾಧಾನ.

ಬಾಟಲಿ ಎಲ್ಲಿಗೆ ಬಂತು? ಹಾಂ, ಅಲ್ಲಿದೆ. ಹಿಂದಿನವರೂ ನೋಡಲಿ.

ಆ ಅಜ್ಜಿ ನನಗೆ ಹೇಳಿದ ಮಾತು, ನೀವೆಲ್ಲ ಹೇಳೋ ಮಾತೇ: ‘ಹೆಂಗೂ ಬೀಳೋ ಹಲ್ಲಲ್ರೀ?’ ಹೌದು, ಬೀಳುತ್ತೆ. ಆದರೆ ಯಾವಾಗ? ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ. ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕು. ಮೂರನೇ ವರ್ಷಕ್ಕೆ ಹುಳುಕಾದ ಹಲ್ಲು ಇನ್ನೂ ಏಳೆಂಟು ವರ್ಷ ಬಾಯಲ್ಲಿ ಇರಬೇಕಾದದ್ದು. ಅಷ್ಟು ವರ್ಷ ಕೀವಿನ ಜೊತೆ ಇರೋಕಾಗುತ್ತಾ? ಇನ್ನೊಂದು. ಬಾಟಲಿಯ ಹಲ್ಲಿಗೆ ಎರಡು ಬೇರಿನ ನಡುವೆ ಖಾಲಿ ಜಾಗ ಇದೆಯಲ್ಲ, ಆ ಜಾಗದಲ್ಲೇ ಮುಂದೆ ಬರೋ ಕಾಯಂ ಹಲ್ಲಿನ ಮೊಳಕೆ ಕೂತಿರುತ್ತೆ. ಹಾಲುಹಲ್ಲಿನ ಕೀವು ಅದರ ತಲೆ ಮೇಲೇ ಸುರಿಯುತ್ತೆ. ಮುಂದೆ ಹುಟ್ಟೋ ಹಲ್ಲು ಹಳದಿ ಕಲೆ, ಗುಂಡಿ ಹೊತ್ತುಕೊಂಡೇ ಬರಬಹುದು.

ಇದಕ್ಕಿಂತ ಜಾಸ್ತಿ ಮೋಸ ಮಾಡೋ ಹಲ್ಲು ಒಂದಿದೆ. ಆರನೇ ವರ್ಷದ ಹೊತ್ತಿಗೆ, ಹಾಲುಹಲ್ಲುಗಳ ಸಾಲಿನ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದೊಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತೆ. ಕೆಳಗೆ ಎರಡು, ಮೇಲೆ ಎರಡು. ಏನೂ ಬೀಳಲಿಲ್ಲವಲ್ಲ, ಇದೂ ಹಾಲುಹಲ್ಲೇ ಅಂತ ತಾಯಂದಿರು ಬಿಟ್ಟುಬಿಡುತ್ತಾರೆ. ಅದು ಕಾಯಂ ಹಲ್ಲು. ಮೊಮ್ಮಕ್ಕಳ ಕಾಲಕ್ಕೂ ಇರಬೇಕಾದದ್ದು. ಎಂಟನೇ ವರ್ಷಕ್ಕೇ ಅದನ್ನು ಕೀಳಬೇಕಾಗಿ ಬಂದಾಗ ನನಗೆ ನಿಜವಾಗಿ ಸಿಟ್ಟು ಬರುತ್ತೆ. ಯಾರ ಮೇಲೆ ಅಂತ ಗೊತ್ತಾಗೋದಿಲ್ಲ.

ಕೀವು ಯಾವ ಕಡೆ ಹೋಗುತ್ತೆ ಅನ್ನೋದು ಹಲ್ಲು ಎಲ್ಲಿದೆ ಅನ್ನೋದರ ಮೇಲೆ. ಕೆಳಗಿನ ದವಡೆಯದು ನಾಲಿಗೆ ಕೆಳಗೆ, ಗದ್ದದ ಕೆಳಗೆ ಇಳಿಯಬಹುದು. ಮೇಲಿನ ಹಲ್ಲಿನದು ಮೇಲಕ್ಕೆ, ಕಣ್ಣಿನ ಕಡೆ. ಹೋದ ವರ್ಷ ಒಬ್ಬ ಹುಡುಗಿ ಬೆಳಿಗ್ಗೆ ಏಳುವಾಗ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಹುಳ ಕಚ್ಚಿದೆ ಅಂದುಕೊಂಡರು. ಕಣ್ಣಿನ ಡಾಕ್ಟರ್ ಹತ್ತಿರ ಹೋದರು. ಅವರು ಜಾಣರು, ಕಣ್ಣಿಗೆ ಟಾರ್ಚ್ ಬಿಡೋ ಮೊದಲು ಮೇಲ್ದುಟಿ ಎತ್ತಿ ನೋಡಿದರು. ನೇರ ನನ್ನ ಹತ್ತಿರ ಕಳಿಸಿದರು. ಮೂಗಿನ ಪಕ್ಕದ, ಕಣ್ಣಿನ ಸುತ್ತಲಿನ ರಕ್ತನಾಳಗಳಿಗೆ ತಲೆಯೊಳಗೆ ಮೆದುಳಿನ ಬುಡದವರೆಗೂ ಸಂಬಂಧ ಇದೆ. ಅದಕ್ಕೇ ಹಲ್ಲಿನಿಂದ ಕಣ್ಣು ಊದಿದರೆ ನಾಳೆ ನೋಡೋಣ ಅನ್ನೋ ಮಾತೇ ಇಲ್ಲ.

ಮೆದುಳಿನ ಮಾತು ಬಂತು. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಹಲ್ಲಿನ ಕೀವು ಮೆದುಳಿಗೆ ಏರಿ ತೀರಿಕೊಂಡ. ಅವನು ಹಲ್ಲುನೋವು ಅಂತ ಹೇಳಿರಲೇ ಇಲ್ಲ, ತಲೆನೋವು ಅಂದಿದ್ದ. ಹಲ್ಲು ಕೀಳೋಕೆ ಸುಮಾರು 80 ಡಾಲರ್ ಸಾಕಿತ್ತು. ಬಡ ಕುಟುಂಬ, ನೋಡೋ ಹಲ್ಲಿನ ಡಾಕ್ಟರ್ ಸಿಗೋದೇ ಕಷ್ಟವಾಗಿತ್ತು. ಕೊನೆಗೆ ಮೆದುಳಿಗೆ ಎರಡು ಆಪರೇಷನ್, ವಾರಗಟ್ಟಲೆ ಆಸ್ಪತ್ರೆ, ಎರಡೂವರೆ ಲಕ್ಷ ಡಾಲರ್ ಹತ್ತಿರ ಖರ್ಚು. ಅಷ್ಟಾದರೂ ಉಳಿಯಲಿಲ್ಲ. ಅಮೆರಿಕದಲ್ಲಿ! ನಮ್ಮ ಊರಲ್ಲೇ ಹೀಗೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅದಕ್ಕೇ ಹೇಳಿದೆ.

ಇನ್ನು ಹೃದಯ. ನಿಮ್ಮಲ್ಲಿ ಯಾರ ಮಗುವಿಗಾದರೂ ಹುಟ್ಟಿನಿಂದ ಹೃದಯದಲ್ಲಿ ತೂತು ಇದ್ದರೆ, ವಾಲ್ವಿನ ತೊಂದರೆ ಇದ್ದರೆ, ಇದನ್ನು ಗಮನವಿಟ್ಟು ಕೇಳಿ. ವಸಡು ಕೆಟ್ಟಿದ್ದರೆ ಊಟ ಅಗಿಯುವಾಗಲೂ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತೆ. ಒಳ್ಳೆ ಹೃದಯ ಇದ್ದವರಿಗೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಹೃದಯದ ತೊಂದರೆ ಇರುವ ಮಕ್ಕಳಲ್ಲಿ ಅದು ಹೃದಯದ ಒಳಪದರಕ್ಕೆ ಅಂಟಿಕೊಂಡು ಬೆಳೆಯಬಹುದು. ವಾರಗಟ್ಟಲೆ ಸಣ್ಣ ಜ್ವರ, ಸುಸ್ತು, ತೂಕ ಇಳಿಯೋದು. ಟೈಫಾಯ್ಡ್ ಅಂತ ಅಲೆದಾಡುತ್ತಾರೆ. ಅಂಥ ಕೆಲವು ಮಕ್ಕಳಿಗೆ ಹಲ್ಲು ಕೀಳೋ ಮೊದಲೇ ಒಂದು ಡೋಸ್ ಆಂಟಿಬಯಾಟಿಕ್ ಕೊಡಬೇಕಾಗುತ್ತೆ. ಅದಕ್ಕೇ ಹಲ್ಲಿನ ಡಾಕ್ಟರಿಗೆ ಹೃದಯದ ಫೈಲ್ ತೋರಿಸಿ. ‘ಹಲ್ಲಿಗೂ ಎದಿಗೂ ಏನ ಸಂಬಂಧರೀ’ ಅಂತ ಫೈಲ್ ಮನೆಯಲ್ಲೇ ಬಿಟ್ಟು ಬರಬೇಡಿ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸ ಶುರು ಮಾಡಿದ ಮೊದಲ ವರ್ಷ. ಗಲ್ಲ ಊದಿದ ಹುಡುಗಿಗೆ ಆಂಟಿಬಯಾಟಿಕ್ ಸಿರಪ್ ಬರೆದು, ‘ಬಾವು ಇಳಿದ ಮೇಲೆ ಬನ್ನಿ, ಹಲ್ಲು ತೆಗೆಯೋಣ’ ಅಂದೆ. ಬಾವು ಇಳಿದ ಮೇಲೆ ಯಾರು ಬರ್ತಾರೆ? ಬಾವು ಇಳಿದಿರುತ್ತಲ್ಲ! ನಾಲ್ಕು ತಿಂಗಳಾದ ಮೇಲೆ ಬಂದಳು, ಮೊದಲಿಗಿಂತ ಎರಡು ಪಟ್ಟು ಊದಿಕೊಂಡು. ಔಷಧಿ ಹಲ್ಲಿಗೆ ಮುಟ್ಟಬೇಕಾದರೆ ರಕ್ತದ ಜೊತೆ ಹೋಗಬೇಕು. ಸತ್ತ ಹಲ್ಲಿನೊಳಗೆ ರಕ್ತ ಹರಿಯೋದೇ ಇಲ್ಲ. ಸಿರಪ್ಪು ಸುತ್ತಲಿನ ಬಾವು ಇಳಿಸುತ್ತೆ, ಒಳಗಿನ ಕೀವು ಹಾಗೇ ಇರುತ್ತೆ. ಕೀವಿಗೆ ದಾರಿ ಮಾಡಬೇಕು. ಹಲ್ಲು ತೆರೆದು ಸ್ವಚ್ಛ ಮಾಡಬೇಕು, ಇಲ್ಲ ಕೀಳಬೇಕು. ಅವತ್ತಿನಿಂದ ನಾನು ಬಾವಿರುವ ಮಗುವಿಗೆ ಸುಮ್ನೆ ಚೀಟಿ ಬರೆದು ಕಳಿಸಿಲ್ಲ. ನೀವೂ ಹಳೇ ಚೀಟಿ ತೋರಿಸಿ ಅದೇ ಸಿರಪ್ ಮತ್ತೆ ಮತ್ತೆ ತರಬೇಡಿ.

ಹಲ್ಲು ಯಾಕೆ ಹುಳುಕಾಗುತ್ತೆ? ಸಂತೆಯಲ್ಲಿ ಹೊಗೆ ಹಾಕಿ ಹುಳ ಉದುರಿಸಿ ತೋರಿಸೋರನ್ನು ನಾನೂ ಸಣ್ಣವಳಿದ್ದಾಗ ನೋಡಿದ್ದೇನೆ. ಹಲ್ಲಿನಲ್ಲಿ ಹುಳ ಇರೋದಿಲ್ಲ. ಅವರು ಉದುರಿಸೋದು ಅವರ ಕೈಚಳಕ. ಇರೋದು ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದ್ದು. ನಾವು ತಿಂದ ಸಿಹಿಯನ್ನು ಅದೂ ತಿಂದು ಹುಳಿ ಬಿಡುತ್ತೆ. ಆ ಹುಳಿ ಹಲ್ಲಿನ ಸುಣ್ಣವನ್ನು ಕರಗಿಸುತ್ತೆ. ಪ್ರತಿ ಸಲ ಸಿಹಿ ತಿಂದ ಮೇಲೆ ಸುಮಾರು ಅರ್ಧ ಗಂಟೆ ಈ ಕೆಲಸ ನಡೆಯುತ್ತೆ, ಆಮೇಲೆ ಜೊಲ್ಲು ಬಂದು ಸರಿಮಾಡುತ್ತೆ. ಅಂದರೆ ಎಷ್ಟು ತಿಂದ ಅನ್ನೋದಕ್ಕಿಂತ ಎಷ್ಟು ಸಲ ತಿಂದ ಅನ್ನೋದೇ ಮುಖ್ಯ. ಹಬ್ಬದ ದಿನ ಊಟಕ್ಕೆ ನಾಲ್ಕು ಹೋಳಿಗೆ ತಿಂದರೂ ಒಂದೇ ಸಲದ ಲೆಕ್ಕ. ಒಂದು ಚಾಕ್ಲೇಟನ್ನು ಸಂಜೆವರೆಗೂ ಚೀಪುತ್ತಾ ಓಡಾಡಿದರೆ ದಿನವೆಲ್ಲ ಹುಳಿ.

ನಮ್ಮ ಕಡೆ ಸಿಹಿಗೆ ಬರಗಾಲ ಇಲ್ಲ. ಬೆಳಿಗ್ಗೆ ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದಿಕೊಂಡು ತಿಂತಾವೆ. ಹೊಲಕ್ಕೆ ಹೋದರೆ ಕೈಯಲ್ಲಿ ಕಬ್ಬು. ಗಾಣಕ್ಕೆ ಹೋದರೆ ಬಿಸಿ ಬೆಲ್ಲ. ಬೆಲ್ಲ ಒಳ್ಳೇದು, ಸಕ್ಕರೆ ಕೆಟ್ಟದ್ದು ಅಂತೀರಿ. ನಮ್ಮ ಮಹಾಲಿಂಗಪುರದ ಬೆಲ್ಲದ ಮೇಲೆ ನನಗೂ ಪ್ರೀತಿ. ಆದರೆ ಬ್ಯಾಕ್ಟೀರಿಯಾಕ್ಕೆ ಎರಡೂ ಒಂದೇ. ಅಮೀನಗಡದ ಕರದಂಟು, ಹೆಸರಿನಲ್ಲೇ ಅಂಟು ಇದೆ. ತಿಕೋಟಾ ಕಡೆಯ ಒಣದ್ರಾಕ್ಷಿಯೂ ಅಷ್ಟೇ, ದವಡೆ ಹಲ್ಲಿನ ಗುಂಡಿಯಲ್ಲಿ ಕೂತರೆ ಏಳೋದಿಲ್ಲ. ಕೊಡಬೇಡಿ ಅನ್ನೋದಿಲ್ಲ. ಅಂದರೂ ಯಾರೂ ನನ್ನ ಮಾತು ಕೇಳೋದಿಲ್ಲ, ನನ್ನ ಮಗನೇ ಕೇಳೋದಿಲ್ಲ. ಊಟದ ಜೊತೆಗೆ ಕೊಡಿ, ಆಮೇಲೆ ನೀರು ಕುಡಿಸಿ ಬಾಯಿ ಮುಕ್ಕಳಿಸಿ.

ಕೊಡಲೇಬಾರದ್ದು ಒಂದಿದೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸೋದು. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಲು ಮೇಲಿನ ಮುಂದಿನ ಹಲ್ಲಿನ ಹಿಂದೆ ಕೆರೆಯಂತೆ ನಿಲ್ಲುತ್ತೆ. ಕೆಳಗಿನ ಮುಂದಿನ ಹಲ್ಲನ್ನು ನಾಲಿಗೆ ಕಾಯುತ್ತೆ. ಅದಕ್ಕೇ ಎರಡು ವರ್ಷದ ಮಗುವಿಗೆ ಮೇಲಿನ ನಾಲ್ಕು ಹಲ್ಲು ಕಪ್ಪು ಮೊಟಕಾಗಿ, ಕೆಳಗಿನವು ಬೆಳ್ಳಗೆ ಇರೋದನ್ನು ನೀವೂ ನೋಡಿರುತ್ತೀರಿ.

ಮೊನ್ನೆ ಒಬ್ಬ ತಾಯಿ ಮಗಳ ಹಲ್ಲನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ತಿಕ್ಕಿ ವಸಡಿನಲ್ಲಿ ರಕ್ತ ಬರಿಸಿದ್ದರು. ಹಲ್ಲಿನ ಮೇಲೆ ಕಂದು ಪಟ್ಟೆ ಇತ್ತು, ಹೋಗುತ್ತಿರಲಿಲ್ಲ. ಅದು ಕೊಳೆ ಅಲ್ಲ. ಬೋರಿನ ನೀರಿನಲ್ಲಿ ಕರಗಿರೋ ಫ್ಲೋರೈಡ್ ಅನ್ನೋ ಲವಣದ ಕಲೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಊರಿನ ಬೋರಿನಲ್ಲಿ ಅದು ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹಲ್ಲು ಒಳಗೆ ತಯಾರಾಗುವಾಗಲೇ ಬಿದ್ದ ಕಲೆ ಅದು, ಇಟ್ಟಿಗೆಗೂ ಹೋಗೋದಿಲ್ಲ, ಇದ್ದಿಲಿಗೂ ಹೋಗೋದಿಲ್ಲ. ಅಂಥ ಊರಿನವರು ಮಗುವಿಗೆ ಕುಡಿಯೋ ನೀರು ಬದಲಿಸಿ. ಪೇಸ್ಟಿನಲ್ಲೂ ಫ್ಲೋರೈಡ್ ಇದೆ ಅಂತ ಪೇಸ್ಟ್ ಬಿಡಬೇಡಿ, ಆದರೆ ಅಳತೆ ಮೀರಬೇಡಿ, ನುಂಗಿಸಬೇಡಿ.

ಅಳತೆ ಅಂದರೆ ಇಷ್ಟು. ಮೂರು ವರ್ಷದೊಳಗೆ ಒಂದು ಅಕ್ಕಿ ಕಾಳಿನಷ್ಟು. ಆಮೇಲೆ ಬಟಾಣಿ ಕಾಳಿನಷ್ಟು. ಟಿವಿ ಜಾಹೀರಾತಿನಲ್ಲಿ ಬ್ರಶ್ ತುಂಬಾ ಹಾವಿನಂತೆ ಸುತ್ತಿ ಹಾಕ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗೋ ಮೊದಲು ಒಂದು ಸಲ. ಒಂದೇ ಆಗೋದು ಅಂದರೆ ರಾತ್ರಿಯದನ್ನು ಬಿಡಬೇಡಿ. ಏಳೆಂಟು ವರ್ಷದವರೆಗೆ ನೀವೇ ತಿಕ್ಕಬೇಕು. ತಾನೇ ಜಡೆ ಹಾಕಿಕೊಳ್ಳೋಕೆ ಬಾರದ ಹುಡುಗಿಗೆ ದವಡೆ ಮೂಲೆ ತಿಕ್ಕೋಕೆ ಬರುತ್ತಾ? ಮಗು ಅಳುತ್ತೆ ಅಂತೀರಿ. ತಲೆ ಬಾಚುವಾಗಲೂ ಅಳುತ್ತೆ, ಬಾಚೋದು ಬಿಡ್ತೀರಾ? ನೆಲದ ಮೇಲೆ ಕೂತು, ಮಗುವಿನ ತಲೆ ನಿಮ್ಮ ತೊಡೆ ಮೇಲಿಟ್ಟು ಮಲಗಿಸಿ, ಮೇಲಿನಿಂದ ಬಗ್ಗಿ ತಿಕ್ಕಿ. ಬಾಯಿ ಪೂರ್ತಿ ಕಾಣುತ್ತೆ.

ಮತ್ತೊಂದು ಮಾತು, ಸ್ವಲ್ಪ ಖಾರ. ಮನೆಯಲ್ಲಿ ಹಿರಿಯರು ಮಶೇರಿ ಹಚ್ಚೋರು ಇರಬಹುದು. ನಮ್ಮಜ್ಜಿಯೂ ಹಚ್ಚುತ್ತಿದ್ದರು. ಹಲ್ಲು ನೋಯುತ್ತೆ ಅಂದ ಮಗುವಿನ ವಸಡಿಗೂ ಅದನ್ನೇ ಒಂದಿಷ್ಟು ಒತ್ತುತ್ತಾರೆ. ಅದು ತಂಬಾಕು. ಸುಟ್ಟು ಪುಡಿ ಮಾಡಿದರೂ ತಂಬಾಕೇ. ನೋವು ಮರೆಸುತ್ತೆ, ಚಟ ಹಿಡಿಸುತ್ತೆ. ನೋವಿನ ಗುಳಿಗೆಯನ್ನು ನುಂಗಿಸದೆ ಹಲ್ಲಿನ ಪಕ್ಕ ಇಡೋರೂ ಇದ್ದಾರೆ, ಆಸ್ಪಿರಿನ್ ಇಟ್ಟರೆ ವಸಡು ಬೆಂದು ಬೆಳ್ಳಗಾಗುತ್ತೆ. ಗುಳಿಗೆ ಯಾವುದು, ಎಷ್ಟು ಅಂತ ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು.

ಖರ್ಚಿನ ಮಾತು ಯಾರೂ ಕೇಳಲಿಲ್ಲ, ಆದರೆ ಎಲ್ಲರ ಮುಖದಲ್ಲಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾದದ್ದು. ಆರ್‌ಬಿಎಸ್‌ಕೆ ತಂಡ ಅಂತ ನೀವು ಕೇಳಿರುತ್ತೀರಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ನೋಡೋದರಲ್ಲಿ ಹಲ್ಲೂ ಸೇರಿದೆ. ಹುಳುಕು ಕಂಡರೆ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದು ಕೊಡ್ತಾರೆ. ಆ ಚೀಟಿ ಕಂಪಾಸ್ ಬಾಕ್ಸಿನಲ್ಲೇ ಉಳಿಯುತ್ತೆ. ಇವತ್ತು ಮನೆಗೆ ಹೋಗಿ ಬಾಕ್ಸ್ ತೆಗೆದು ನೋಡಿ. ಸಣ್ಣ ಹುಳುಕಿಗೆ ಈಗ ಹನಿ ಔಷಧಿಯೂ ಇದೆ, ಕೊರೆಯೋದಿಲ್ಲ, ಸೂಜಿ ಇಲ್ಲ. ಹಚ್ಚಿದ ಜಾಗ ಕಪ್ಪಾಗುತ್ತೆ, ಆದರೆ ಬಹಳಷ್ಟು ಸಲ ಹುಳುಕು ಅಲ್ಲೇ ನಿಲ್ಲುತ್ತೆ. ಕಪ್ಪಾಗುತ್ತೆ ಅಂತ ಕೆಲವರು ಬೇಡ ಅಂತಾರೆ. ನನಗೆ ಕೇಳಿದರೆ, ಹಿಂದಿನ ಹಲ್ಲಿನ ಕಪ್ಪು ಯಾರಿಗೆ ಕಾಣಬೇಕು?

ಯಾವಾಗ ಓಡಬೇಕು ಅಂತ ಅಲ್ಲಿ ಹಿಂದೆ ಒಬ್ಬರು ಕೇಳಿದರು. ಹಲ್ಲಿನ ಬಾವಿನ ಜೊತೆ ಜ್ವರ ಬಂದರೆ ಅವತ್ತೇ. ಬಾವು ಕಣ್ಣಿಗೆ ಏರಿದರೆ, ಗದ್ದದ ಕೆಳಗೆ ಇಳಿದರೆ, ಬಾಯಿ ತೆರೆಯದಿದ್ದರೆ, ಎಂಜಲು ನುಂಗದಿದ್ದರೆ, ಧ್ವನಿ ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು ಮಾತಾಡಿದಂತೆ ಆದರೆ, ಮಲಗಿಸಿದರೆ ಎದ್ದು ಕೂತರೆ, ತೂಕಡಿಸುತ್ತಾ ಇದ್ದರೆ, ಅವಾಗ ಬೆಳಗಾಗೋದನ್ನು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಗುವನ್ನು ಕೂರಿಸಿಕೊಂಡೇ ಕರೆದುಕೊಂಡು ಹೋಗಿ. ಹಲ್ಲಿನ ದವಾಖಾನೆ ಹುಡುಕಬೇಡಿ, ದೊಡ್ಡ ಆಸ್ಪತ್ರೆಗೇ ಹೋಗಿ.

ಬಾಟಲಿ ವಾಪಸ್ ಬಂತಾ? ಕೊಡಿ. ಈಗ ಎಲ್ಲರೂ ಮೊಬೈಲ್ ಟಾರ್ಚ್ ಹಚ್ಚಿ. ಪಕ್ಕದಲ್ಲಿ ಕೂತಿರೋ ನಿಮ್ಮ ಮಗುವಿನ ಮೇಲ್ದುಟಿ ಎತ್ತಿ. ವಸಡಿಗೆ ತಾಗಿಕೊಂಡು ಹಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇದೆಯಾ ನೋಡಿ. ಅದು ಹುಳುಕಿನ ಮೊದಲ ಗುರುತು, ಆ ಹಂತದಲ್ಲಿ ಪೇಸ್ಟಿಗೇ ನಿಲ್ಲುತ್ತೆ. ಆಮೇಲೆ ಹಿಂದಿನ ದವಡೆ ನೋಡಿ, ವಸಡಿನ ಮೇಲೆ ಗುಳ್ಳೆ ಇದೆಯಾ ನೋಡಿ. ಗುಳ್ಳೆ ಕಂಡವರು ನೋವಿಲ್ಲ ಅಂತ ಕೂರಬೇಡಿ, ಈ ಕಡೆ ಸಾಲಿಗೆ ಬನ್ನಿ. ನಾನು ನಾಲ್ಕು ಗಂಟೆವರೆಗೂ ಇಲ್ಲೇ ಇರ್ತೀನಿ.